ಆಟಿಯ ನಾಲ್ಕನೆಯ ಎಲೆ

ಟೀಚರ ಪಾದಗಳು ಗಂಡಸರ ಪಾದದಷ್ಟು ದೊಡ್ಡವು. ಹೆಂಗಸರ ಚಪ್ಪಲಿ ಯಾವುದೂ ಹಿಡಿಸದೆ, ತೀರಿಕೊಂಡ ಗಂಡನ ಚಪ್ಪಲಿಯನ್ನೇ ಮೆಟ್ಟಿಕೊಂಡು ಮುಂಬಯಿ ಹತ್ತಿರದ ಠಾಕುರ್ಲಿ ಸ್ಟೇಷನ್ನಿನಿಂದ ಪಟಪಟ ಸದ್ದು ಮಾಡುತ್ತ ಬರುತ್ತಿದ್ದರು. ಉಡುಪಿ ಕಡೆಯವರು, ಠಾಣೆಯ ಕಾಲೇಜೊಂದರಲ್ಲಿ ತತ್ವಶಾಸ್ತ್ರ ಕಲಿಸಿ ನಿವೃತ್ತರಾದವರು. ನಾನು ವಿಜಯಪುರದವಳು, ಮದುವೆಯಾಗಿ ಅವರ ಪಕ್ಕದ ಫ್ಲ್ಯಾಟಿಗೆ ಬಂದವಳು.

ಕಾಲೇಜು ಬಿಟ್ಟರೂ ಪಾಠ ಬಿಟ್ಟಿರಲಿಲ್ಲ. ನಾನು ಸೊಪ್ಪು ಸೋಸುತ್ತ ಕುಳಿತರೆ ಎದುರು ಕುಳಿತು ಸತ್ತವರ ವಿಷಯ ತೆಗೆಯುತ್ತಿದ್ದರು. ಹಳೆಯ ಗ್ರೀಕರು ಆತ್ಮವನ್ನು ಸೈಕಿ ಎನ್ನುತ್ತಿದ್ದರಂತೆ. ಮೊದಮೊದಲು ಅದರ ಅರ್ಥ ಬರೀ ಉಸಿರು. ಉಸಿರು ಹೋದವನು ಬಲವಿಲ್ಲದ ನೆರಳು. ಚೀನೀಯರಲ್ಲಿ ಒಬ್ಬನಿಗೇ ಎರಡು ಆತ್ಮ. ಹುನ್ ಮೇಲಕ್ಕೆ ಹೋಗುತ್ತದೆ, ಪೋ ಮಣ್ಣಿಗಿಳಿಯುತ್ತದೆ.

"ಆದ್ರೆ ಸತ್ತವರಿಗೂ ಹಸಿವು ಉಂಟು ಮಾರಾಯ್ತಿ. ಮನೆಯವರು ಬಡಿಸದಿದ್ರೆ ಅಲೆಯುವ ಭೂತ."

"ನೀವು ಇದನ್ನೆಲ್ಲಾ ನಂಬತೀರೇನ್ರೀ?"

"ಇಲ್ಲ ಅಪ್ಪ. ಚೀನದವರು ಲೀ ಅಂತಾರೆ, ನಡ್ಕೊಳ್ಳುವ ಕ್ರಮ. ಬಂದ್ರಾ ಇಲ್ವಾ ಅಂತ ಕೇಳ್ಲಿಕ್ಕಿಲ್ಲ. ಬಡಿಸ್ಲಿಕ್ಕೆ ಮಾತ್ರ ಉಂಟು."

ತಾವೂ ವರ್ಷವರ್ಷ ಬಡಿಸುತ್ತಿದ್ದರು. ಮಳೆಗಾಲದ ಆಟಿ ತಿಂಗಳಲ್ಲಿ ಅಗೆಲು: ಸತ್ತ ಹಿರಿಯರಿಗೆ ಬಾಳೆಲೆ ಹಾಕಿ, ಕೋಳಿ ಸಾರು, ರೊಟ್ಟಿ ಬಡಿಸಿ, ಹೆಸರು ಹಿಡಿದು ತುಳುವಿನಲ್ಲಿ ಊಟಕ್ಕೆ ಕರೆಯುವುದು. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಳ್ಳಬೇಕು. ಅವರು ಉಣ್ಣುವುದನ್ನು ನೋಡಬಾರದು. ನಾನು ಕೋಳಿಯ ವಾಸನೆಗೆ ಸೆರಗು ಮೂಗಿಗಿಟ್ಟುಕೊಂಡು ಪ್ಯಾಸೇಜಿನಲ್ಲಿ ಅವರ ಜೊತೆ ನಿಲ್ಲುತ್ತಿದ್ದೆ. ನೆರೂಳದಲ್ಲಿರುವ ಮಗನೂ ಬಂದು ಮೊಬೈಲ್ ನೋಡುತ್ತ ನಿಲ್ಲುತ್ತಿದ್ದ. ತುಳು, ಕನ್ನಡ ಅವನಿಗೆ ಅರ್ಥವಾಗುತ್ತಿತ್ತು, ಆಡಲು ಬರುತ್ತಿರಲಿಲ್ಲ. ಅಮ್ಮನೊಡನೆ ಅವನ ಮಾತೆಲ್ಲ ಹಿಂದಿ, ಮರಾಠಿಯಲ್ಲಿ.

ಆ ವರ್ಷ ಅತ್ತೆ, ಮಾವ, ಗಂಡನ ಎಲೆಗಳ ಪಕ್ಕದಲ್ಲಿ ನಾಲ್ಕನೆಯದೊಂದು ಎಲೆ ಬಿದ್ದಿತ್ತು.

"ಇದು ಯಾರಿಗ್ರೀ?"

"ನನಗೆ."

"ಅಯ್ಯ ಟೀಚರ್, ಜೀವಂತ ಇರೂವಾಗ ಇದೇನ್ರೀ! ಮೊದಲ ತೆಗೀರಿ ಅದನ್ನ."

"ನಾನು ಹೋದ್ಮೇಲೆ ಕರೀಲಿಕ್ಕೆ ಯಾರುಂಟು? ಇವ ಕರೀತಾನಾ?" ಎಂದು ಮಗನತ್ತ ನೋಡಿದರು. "ಉಂಡೇ ಹೋಗುದು ಒಳ್ಳೇದಲ್ವಾ."

ಮಗ ಮೊಬೈಲಿನಿಂದ ತಲೆ ಎತ್ತಿದ. ಅಷ್ಟರಲ್ಲಿ ಟೀಚರ್ ನಮ್ಮಿಬ್ಬರನ್ನೂ ಹೊರಗೆ ದಬ್ಬಿ, ತಾವು ಒಳಗೇ ಉಳಿದು ಚಿಲಕ ಹಾಕಿಕೊಂಡರು. ಒಳಗಿನಿಂದ ಮೂವರ ಹೆಸರು ಕೇಳಿಸಿತು. ಆಮೇಲೆ ತಮ್ಮದೇ ಹೆಸರನ್ನು, ಪಕ್ಕದ ಕೋಣೆಯವರನ್ನು ಕೂಗುವಷ್ಟು ಜೋರಾಗಿ, ಕೂಗಿದರು.

"ಮಮ್ಮಿ, ದರ್ವಾಜಾ ಖೋಲೋ! ಯೇ ಕ್ಯಾ ಪಾಗಲ್‌ಪನ್ ಹೈ?" ಮಗ ಬಾಗಿಲು ಬಡಿದ. ಚಿಲಕ ಅಲುಗಲಿಲ್ಲ. ಮುಗಿಯಿತು, ಹೋಗಿಯೇಬಿಟ್ಟರು ಎಂದುಕೊಂಡೆ.

ಕೊನೆಗೆ ಬಾಗಿಲು ತೆರೆಯಿತು. ಬೆರಳಿಗೆ ಸಾರು ಅಂಟಿತ್ತು. "ಉಪ್ಪು ಒಂಚೂರು ಕಮ್ಮಿ" ಎಂದರು. ನನಗೆ ಬಂದ ಸಿಟ್ಟಿಗೆ ಒಂದು ವಾರ ಮಾತಾಡಲಿಲ್ಲ. ಮಗನ ಮುಖದಲ್ಲಿ ರಕ್ತವೇ ಇರಲಿಲ್ಲ.

ಮುಂದಿನ ಆಟಿಗೆ ಟೀಚರ್ ಇರಲಿಲ್ಲ. ಕಾಯಿಲೆ ಕಸಾಲೆ ಏನೂ ಇಲ್ಲದೆ, ಬೆಳಿಗ್ಗೆ ಕುರ್ಚಿಯಲ್ಲಿ ಕುಳಿತವರು ಕುಳಿತ ಹಾಗೇ ಹೋಗಿದ್ದರು. ಅವರನ್ನು ಮೊದಲು ಮುಟ್ಟಿ ನೋಡಿದವಳು ನಾನು. ಆ ತಣ್ಣಗಿನ ಕೈಯನ್ನು ನನಗೆ ಇನ್ನೂ ನಂಬಲಾಗುತ್ತಿಲ್ಲ.

ಆಟಿಯಲ್ಲಿ ಒಂದು ದಿನ ಪಕ್ಕದ ಮನೆಯಿಂದ ಸಾರಿನ ವಾಸನೆ ಬಂತು. ಹೌಹಾರಿ ಓಡಿದೆ. ಮಗ ಒಬ್ಬನೇ ಬಂದು ಎಲೆ ಹಾಕಿದ್ದ. ನಾಲ್ಕು ಎಲೆ, ರೊಟ್ಟಿ ಅಂಗಡಿಯದು, ಸಾರು ನೀರುನೀರು. ಅಜ್ಜ, ಅಜ್ಜಿ, ಅಪ್ಪನ ಹೆಸರನ್ನು ಅಮ್ಮನಿಂದ ಕೇಳಿದ್ದ ತುಳುವಿನಲ್ಲಿ ಹೇಗೋ ಕರೆದ. ನಾಲ್ಕನೆಯ ಎಲೆಯ ಮುಂದೆ ಮಾತಿಗೆ ತಡಕಾಡಿ ನನ್ನತ್ತ ನೋಡಿದ. ನಾನು ತುಳುವಿನಲ್ಲಿ ಹೇಳಿಕೊಡುವಂತಿರಲಿಲ್ಲ, ನನಗೂ ಬಾರದು.

"ಮಮ್ಮೀ," ಎಂದ ಮರಾಠಿಯಲ್ಲಿ, "ಜೇವಾಯಲಾ ಯೇ ನಾ." ಊಟಕ್ಕೆ ಬಾರೇ.

ಉಡುಪಿಯ ಹಿರಿಯರ ಪಂಕ್ತಿಯಲ್ಲಿ ಮರಾಠಿ! ನಾನು ಬೆಚ್ಚಿಬಿದ್ದೆ. ಆಮೇಲೆ ಅವನ ಕೈಹಿಡಿದು ಹೊರಗೆ ಕರೆತಂದು ಬಾಗಿಲು ಎಳೆದುಕೊಂಡೆ. ಟೀಚರಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು.