ಫ್ರೀಜರಿನಲ್ಲಿಟ್ಟ ಬ್ರೇಕ್ ಪಿನ್ನು

ಕಾರಿನ ಹ್ಯಾಂಡ್‌ಬ್ರೇಕ್ ಎಳೆದಾಗಲೆಲ್ಲ ಮನಸ್ಸಿನಲ್ಲೇ ಅತ್ತೆಗೆ ಕೈ ಮುಗಿಯುತ್ತೇನೆ. ಮೊದಲು ಅದು ಹಿಡಿಯುತ್ತಲೇ ಇರಲಿಲ್ಲ. ಚೆನ್ನೈನ ವೆಸ್ಟ್ ಮಾಂಬಲಂನಲ್ಲಿರುವ ನಮ್ಮ ಫ್ಲ್ಯಾಟಿನ ಇಳಿಜಾರಿನಲ್ಲಿ ನಾನು ಬ್ರೇಕ್ ತುಳಿದು ಕೂತರೆ, ಅತ್ತೆ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಡುತ್ತಿದ್ದರು.

ರೋಸಿಹೋಗಿ ಒಂದು ಭಾನುವಾರ ಹಿಂದಿನ ಚಕ್ರವನ್ನು ಒಳಗಿನಿಂದ ಒತ್ತಿ ಹಿಡಿಯುವ ಬ್ರೇಕ್ ಶೂವನ್ನು ನಾನೇ ಬದಲಿಸಲು ಕೂತೆ. ಹ್ಯಾಂಡ್‌ಬ್ರೇಕಿನ ಲಿವರ್ ಹಿಡಿಯುವ ಪಿನ್ನು ಹೊಸ ಶೂವಿನ ತೂತಿಗೆ ಇಳಿಯಲೊಲ್ಲದು. ಸಿಟ್ಟಿನಲ್ಲಿ ಸುತ್ತಿಗೆ ಎತ್ತಿದೆ.

“ಕುಟ್ಬೇಡ ಮಾರಾಯ್ತಿ, ಸೊಟ್ಟ ಆಗ್ತದೆ,” ಎಂದರು ಅತ್ತೆ. ಉಡುಪಿ ಕಡೆಯವರು, ಇಲ್ಲಿ ಹೋಟೆಲ್ ನಡೆಸಿದವರು. “ಲೋಟದೊಳಗೆ ಲೋಟ ಸಿಕ್ಕಿಕೊಂಡ್ರೆ ಒಳಗಿನದಕ್ಕೆ ತಣ್ಣೀರು, ಹೊರಗಿನದಕ್ಕೆ ಬಿಸಿನೀರು. ಇದಕ್ಕೂ ಹಾಗೇ ಮಾಡು.”

ತೆಂಗಿನತುರಿಯ ಡಬ್ಬಿ ಸರಿಸಿ ಪಿನ್ನನ್ನು ಫ್ರೀಜರಿನಲ್ಲಿಟ್ಟರು. ಶೂವನ್ನು ನಾನು ತಾರಸಿಯ ಬಿಸಿಲಿಗಿಟ್ಟೆ. ಚೆನ್ನೈ ಬಿಸಿಲನ್ನು ನಾನು ಬೈಯದೆ ಇದ್ದದ್ದು ಅದೊಂದೇ ದಿನ. ಮಧ್ಯಾಹ್ನ ಮೆಲ್ಲಗೆ ತಟ್ಟಿದ್ದಕ್ಕೇ ಪಿನ್ನು ಒಳಗಿಳಿದು ಬಿಗಿಯಾಗಿ ಕೂತಿತು.

ಸಂಜೆ ಮಾರ್ಕೆಟ್ಟಿನಿಂದ ಬಂದು ಅದೇ ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದೆ. ಅತ್ತೆ ತರಕಾರಿ ಚೀಲ ಹಿಡಿದು ಇಳಿದರು, ಕಲ್ಲಿನ ಕಡೆ ತಿರುಗಿಯೂ ನೋಡದೆ ಮೆಟ್ಟಿಲು ಹತ್ತಿದರು. ಬ್ರೇಕಿನಿಂದ ಕಾಲೆತ್ತಲು ಧೈರ್ಯ ಸಾಲದೆ ಕೂತೇ ಇದ್ದವಳು ನಾನು.