ಒಲೆ ಹಚ್ಚದ ಹಟ್ಟಿ

ಮನೆಯಿಂದ ಹೊರಡುವಾಗ ಹಲ್ಲಿ ಲೊಚಗುಟ್ಟಿದರೆ ನಮ್ಮತ್ತೆ ಹೊಸಲಿನಾಚೆ ಇಟ್ಟ ಕಾಲನ್ನು ಒಳಕ್ಕೆ ತೆಗೆದುಕೊಳ್ಳುತ್ತಿದ್ದರು. ಹಲ್ಲಿಗೆ ನೊಣ ಸಿಕ್ಕಿರಬೇಕು, ಅದರ ಸಂತೋಷಕ್ಕೆ ನಾವೇಕೆ ಬಸ್ಸು ತಪ್ಪಿಸಿಕೊಳ್ಳಬೇಕು ಎಂದು ನಾನು ಅನ್ನುತ್ತಿದ್ದೆ. ಬೆಕ್ಕು ಅಡ್ಡ ಬಂದರೆ ಕೇಡು, ಕಾಗೆ ಕೂಗಿದರೆ ನೆಂಟರು, ಕಣ್ಣು ಅದುರಿದರೆ ಇನ್ನೇನೋ. ಇವನ್ನೆಲ್ಲ ಕೇಳಿ ನಗುವುದು ನನಗೆ ಅಭ್ಯಾಸ. ಈಗಲೂ ನಗುತ್ತೇನೆ. ಒಂದು ಸಂಗತಿಗೆ ಮಾತ್ರ ನಗಲಾರೆ. ಅದನ್ನು ನಡೆದ ಹಾಗೆ ಇಲ್ಲಿ ಹೇಳುತ್ತೇನೆ. ನಿಮ್ಮನ್ನು ನಂಬಿಸುವ ಆಸೆ ನನಗಿಲ್ಲ. ನಾನೇ ನಂಬಿದ್ದೇನೋ ಇಲ್ಲವೋ ಎಂಬುದು ನನಗೆ ಸರಿಯಾಗಿ ಗೊತ್ತಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ನನ್ನನ್ನು ಹೊಳಲ್ಕೆರೆಗೆ ಕೊಟ್ಟಿದ್ದರು. ತವರು ಹೊಸದುರ್ಗದ ದಾರಿಯಲ್ಲಿ ಒಂದು ಸಣ್ಣ ಊರು. ನನ್ನ ಒಬ್ಬನೇ ತಮ್ಮ ಗಂಗಾಧರನಿಗೆ ವಿಷಮಶೀತ ಜ್ವರ ಬಂತು. ದುರ್ಗದ ಜಿಲ್ಲಾ ಆಸ್ಪತ್ರೆಗೆ ಸೇರಿಸಿದೆವು. ಅಪ್ಪ ಇರಲಿಲ್ಲ, ಅಮ್ಮ ಮಂಡಿನೋವಿನಿಂದ ಬಸ್ಸು ಹತ್ತಲಾರಳು. ಹಾಗಾಗಿ ಚಿಕ್ಕಪ್ಪನೂ ನಾನೂ ಅವನ ಜೊತೆ ಉಳಿದೆವು. ವಾರಗಟ್ಟಲೆ ಕಾಡಿಸಿದ ಜ್ವರ ಕೊನೆಗೂ ಇಳಿಯಿತು. ಇನ್ನೆರಡು ದಿನ ಬಿಟ್ಟು ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದರು. ಊರಿನ ಕಡೆ ಹೊರಟಿದ್ದವರೊಬ್ಬರ ಕೈಲಿ ಅಮ್ಮನಿಗೆ ಅದನ್ನೇ ಹೇಳಿ ಕಳಿಸಿದೆವು.

ಮಾರನೆಯ ದಿನ ಬೆಳಗಿನ ಜಾವ, ಕಿಟಕಿಯಲ್ಲಿ ಬೆಳಕು ಮೂಡುವ ಮೊದಲೇ, ಗಂಗಾಧರ ನನ್ನನ್ನು ಎಬ್ಬಿಸಿ, ಹಸಿವಾಗ್ತಿದೆ ಅಕ್ಕ ಎಂದ. ಕಾಯಿಲೆ ಬಿದ್ದ ಮೇಲೆ ಅವನ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು. ಮೆತ್ತಗಿನದು ಏನಾದರೂ ಕೊಡಬಹುದು ಎಂದು ಡಾಕ್ಟರು ಹೇಳಿದ್ದರು. ಚಿಕ್ಕಪ್ಪ ಟಿಫನ್ ಕ್ಯಾರಿಯರ್ ಹಿಡಿದು ಎದುರಿನ ಹೋಟೆಲಿಗೆ ಓಡಿದರು. ಆಗಷ್ಟೇ ಇಳಿಸಿದ ಇಡ್ಲಿ ತಂದರು. ಗಂಗಾಧರ ದಿಂಬಿಗೆ ಒರಗಿ ಕೂತು ತಿಂದ. ಇನ್ನೊಂದು ಕೊಡಕ್ಕ ಎಂದ. ಚಿಕ್ಕಪ್ಪನಿಗೆ ಎಷ್ಟು ಸಂತೋಷವಾಯಿತೆಂದರೆ, ಪಕ್ಕದ ಮಂಚದವರನ್ನೆಲ್ಲ ಎಬ್ಬಿಸಿ ಹೇಳಿದರು.

ಬಿಸಿಲೇರಿದ ಮೇಲೆ ಮಲಗಿದವನು ಏಳಲಿಲ್ಲ. ಡಾಕ್ಟರು ಓಡಿ ಬಂದರು, ಎದೆ ಒತ್ತಿದರು, ಸೂಜಿ ಚುಚ್ಚಿದರು. ಈ ಜ್ವರದಲ್ಲಿ ಕೆಲವೊಮ್ಮೆ ಹೃದಯ ಸೋತುಬಿಡುತ್ತದಂತೆ. ಯಾರ ತಪ್ಪೂ ಅಲ್ಲ. ನಾನು ಅಳಲಿಲ್ಲ. ನನಗೆ ಏನೂ ಅನ್ನಿಸುತ್ತಲೇ ಇರಲಿಲ್ಲ. ಅವನ ಚಪ್ಪಲಿಗಳನ್ನು ಚೀಲಕ್ಕೆ ಹಾಕಿಕೊಂಡೆ. ಬಾಡಿಗೆ ವ್ಯಾನು ದುರ್ಗ ದಾಟುವಾಗ ಟಿಫನ್ ಕ್ಯಾರಿಯರಿನ ಮುಚ್ಚಳ ವಾರ್ಡಿನಲ್ಲೇ ಉಳಿಯಿತು ಎಂಬುದು ನೆನಪಾಯಿತು. ದಾರಿಯುದ್ದಕ್ಕೂ ನಾನು ಯೋಚಿಸಿದ್ದು ಆ ಮುಚ್ಚಳವನ್ನೇ.

ಅಮ್ಮನಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ತಿಳಿಸುವ ದಾರಿಯೂ ಇರಲಿಲ್ಲ. ಹೊತ್ತು ಮುಳುಗುವುದರೊಳಗೆ ಅವನನ್ನು ಅವಳ ಮುಂದೆ ಇಳಿಸಿಬಿಡಬೇಕು, ಬೆಳಕಿರುವಾಗ ಅವಳು ಮಗನ ಮುಖ ನೋಡಬೇಕು, ಅಷ್ಟೇ ಚಿಕ್ಕಪ್ಪ ಹೇಳುತ್ತಿದ್ದದ್ದು. ಹೊಳಲ್ಕೆರೆ ದಾಟಿ ಬಹಳ ದೂರ ಬಂದ ಮೇಲೆ, ಇನ್ನೇನು ಊರು ಒಂದೂವರೆ ಹರದಾರಿ ಇದೆ ಎನ್ನುವಾಗ ವ್ಯಾನು ನಿಂತಿತು. ಡ್ರೈವರು ಬಾನೆಟ್ ಎತ್ತಿ ನೋಡಿದ, ಅಡಿಗೆ ತೂರಿದ. ಇದು ಇಲ್ಲಿ ಆಗುವ ರಿಪೇರಿ ಅಲ್ಲ ಎಂದು ಕೈ ಒರೆಸಿಕೊಂಡ. ರಸ್ತೆಯಲ್ಲಿ ಬೇರೆ ಗಾಡಿಯ ಸುಳಿವಿರಲಿಲ್ಲ.

ರಸ್ತೆಗೆ ಹತ್ತಿರದಲ್ಲೇ ಮುಳ್ಳುಬೇಲಿ ಹಾಕಿಕೊಂಡ ಒಂದು ಕುರಿಹಟ್ಟಿ ಇತ್ತು. ಕುರಿ ಸಾಕುವವರ ಹತ್ತಾರು ಗುಡಿಸಲು. ಚಿಕ್ಕಪ್ಪ ಕೇಳಿಕೊಂಡು ಬರಲು ಇಳಿಯುವಷ್ಟರಲ್ಲಿ ಅಲ್ಲಿಂದಲೇ ನಾಲ್ಕಾರು ಗಂಡಸರು ನಮ್ಮ ಕಡೆ ಬರುತ್ತಿದ್ದರು. ಅವರ ಹಿಂದೆ ಕೋಲೂರಿಕೊಂಡು ಒಬ್ಬ ಅಜ್ಜಿ. ಯಾರೂ ನಮ್ಮನ್ನು ಏನೂ ಕೇಳಲಿಲ್ಲ. ಅಜ್ಜಿ ವ್ಯಾನಿನೊಳಗೆ ಇಣುಕಿ ನೋಡಿ, ಬೇವಿನ ಮರದ ನೆರಳಿಗೆ ಗಾಡಿ ತರ್ರಿ ಎಂದು ಗಂಡಸರಿಗೆ ಹೇಳಿದಳು. ಗಾಡಿಯ ಎತ್ತುಗಳನ್ನು ಬೇಲಿಯ ಹೊರಗೇ ಕಟ್ಟಿದ್ದರು. ಗಾಡಿಯಲ್ಲಿ ಹುಲ್ಲು ಹಾಸಿತ್ತು. ಹುಲ್ಲಿನ ಮೇಲೆ ಮಡಿಸಿಟ್ಟ ಕಂಬಳಿ ಇತ್ತು. ಆಗ ಅದು ನನಗೆ ವಿಚಿತ್ರ ಎನ್ನಿಸಲಿಲ್ಲ. ಎಲ್ಲ ಊರಲ್ಲೂ ಗಾಡಿಯಿರುತ್ತದೆ, ಹುಲ್ಲಿರುತ್ತದೆ.

ಡ್ರೈವರು ಒಂದು ಲೋಟ ಬಿಸಿ ಚಾ ಸಿಗುತ್ತದೆಯೇ ಎಂದು ಕೇಳಿದ. ಒಲೆ ಹಚ್ಚಿಲ್ಲ ಎಂದರು. ಪಾಪ, ಬೆಂಕಿಕಡ್ಡಿ ಇಲ್ಲವೇನೋ ಎಂದುಕೊಂಡು ಚಿಕ್ಕಪ್ಪ ಜೇಬಿನಿಂದ ತಮ್ಮ ಬೆಂಕಿಪೊಟ್ಟಣ ತೆಗೆದು ಚಾಚಿದರು.

“ಇಟ್ಕಳ್ರಿ ಸ್ವಾಮಿ, ನಮ್ಮತ್ರನೂ ಐತೆ,” ಎಂದ ಅವರಲ್ಲೊಬ್ಬ. “ನೀವು ನಮ್ಮ ಹಟ್ಟಿ ಗಡಿ ದಾಟಾತಂಕ ಹಚ್ಚಂಗಿಲ್ಲ.”

ಆಗ ನಾನು ಹಟ್ಟಿಯ ಕಡೆ ನೋಡಿದೆ. ಯಾವ ಗುಡಿಸಲಿನಿಂದಲೂ ಹೊಗೆ ಏಳುತ್ತಿರಲಿಲ್ಲ. ಮೇಯಲು ಹೋಗಬೇಕಾಗಿದ್ದ ಕುರಿಗಳು ಆ ಹೊತ್ತಿನಲ್ಲೂ ರೊಪ್ಪದೊಳಗೇ ಅರಚುತ್ತಿದ್ದವು. ಮಕ್ಕಳು ಬೇಲಿಯ ಒಳಗೆ ಸುಮ್ಮನೆ ಕೂತಿದ್ದವು. ಒಂದು ಮಗು ಹಸಿದು ರೇಗುತ್ತಿತ್ತು. ತಾಯಿ ಅದರ ಬಾಯಿಗೆ ತಂಗಳು ಮುದ್ದೆಯ ಚೂರನ್ನು ಇಡುತ್ತಿದ್ದಳು.

ಗಂಡಸರು ಗಂಗಾಧರನನ್ನು ಗಾಡಿಗೆ ಎತ್ತಿ ಮಲಗಿಸಲು ಹೋದರು. ಅಜ್ಜಿ ಬೇಡವೆಂದಳು. ಅವನ ಹಣೆಯ ವಿಭೂತಿ ನೋಡಿ ನನ್ನ ಕಡೆ ತಿರುಗಿ, “ನಿಮ್ಮಲ್ಲಿ ಕುಂದ್ರಿಸ್ತೀರಲ್ಲವ್ವ? ಈಗಲೇ ಕುಂದ್ರಿಸ್ರಿ. ಇನ್ನೊಂದ್ ಗಳಿಗೆ ಹೋದ್ರೆ ಮೈ ಬಗ್ಗಲ್ಲ,” ಎಂದಳು.

ನಮ್ಮಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವುದು. ಅದು ಚಿಕ್ಕಪ್ಪನಿಗೂ ನನಗೂ ಗೊತ್ತಿಲ್ಲದ್ದಲ್ಲ. ಆದರೆ ವ್ಯಾನಿನಲ್ಲಿ ನಾವಿಬ್ಬರೂ ಅವನನ್ನು ನಿದ್ದೆ ಬಂದವನ ಹಾಗೆ ಉದ್ದಕ್ಕೆ ಮಲಗಿಸಿಕೊಂಡು ಬಂದಿದ್ದೆವು. ಅವರು ಅವನ ಕಾಲು ಮಡಿಸಿ ಕೂರಿಸಿದರು. ಒಬ್ಬ ತನ್ನ ರುಮಾಲು ಬಿಚ್ಚಿ ಅವನ ಬೆನ್ನನ್ನು ಗಾಡಿಯ ಗೂಟಕ್ಕೆ ಕಟ್ಟಿದ. ಅಜ್ಜಿ ಕಂಬಳಿ ಹೊದಿಸಿದಳು. ನನಗೆ ಒಂದು ಚೊಂಬು ನೀರು ಕೊಟ್ಟು, ಖಾಲಿಯಾಗುವವರೆಗೂ ಮುಂದೆಯೇ ನಿಂತಳು. ನಾನು ಎಷ್ಟು ಬಾಯಾರಿದ್ದೆನೋ ಆಮೇಲೆ ತಿಳಿಯಿತು.

ಹಟ್ಟಿಯ ಇಬ್ಬರು ಗಾಡಿ ಹೊಡೆದುಕೊಂಡು ಊರಿನ ತನಕ ಬಂದರು. ಅವರ ಹೆಸರನ್ನೂ ನಾನು ಕೇಳಲಿಲ್ಲ. ಮರದ ಬೊಂಬೆಯ ಹಾಗೆ ಕೂತಿದ್ದೆ. ಗಾಡಿ ಕುಲುಕಿದಾಗಲೆಲ್ಲ ಗಂಗಾಧರನ ತಲೆ ನನ್ನ ಭುಜಕ್ಕೆ ತಾಗುತ್ತಿತ್ತು.

ಸೂರ್ಯ ಇನ್ನೂ ಒಂದಾಳೆತ್ತರ ಇದ್ದಾಗ ಊರು ಸೇರಿದೆವು. ಚಿಕ್ಕಪ್ಪ ಮುಂದೆ ಓಡಿ ಅಮ್ಮನಿಗೆ ಹೇಳಬೇಕೆಂದು ಗಾಡಿಯಿಂದ ಇಳಿಯುತ್ತಿದ್ದರು. ಅಮ್ಮ ಅಷ್ಟರಲ್ಲಿ ಜಗುಲಿಯಿಂದ ಗಾಡಿಯನ್ನು ನೋಡಿಬಿಟ್ಟಿದ್ದಳು. ಕಂಬಳಿ ಹೊದ್ದು ಕೂತ ಮಗನನ್ನೂ ನೋಡಿದಳು. ಒಂದು ದಿನ ಮೊದಲೇ ಬಂದ ನೋಡ್ರೆ, ಕುಂತ್ಕಂಡೇ ಬಂದ, ಎಂದು ಪಕ್ಕದ ಮನೆಯವರಿಗೆ ಕೂಗಿ ಹೇಳಿ, ಮಂಡಿನೋವು ಮರೆತು ಬೀದಿಗೆ ಇಳಿದಳು. ಅದರ ಮುಂದಿನದನ್ನು ನಾನು ಬರೆಯಲಾರೆ. ನನಗೆ ಆಗಲೂ ಅಳು ಬರಲಿಲ್ಲ. ಕಲ್ಲು ಮನಸ್ಸಿನವಳು ಎಂದು ಊರವರು ಅಂದುಕೊಂಡಿರಬೇಕು. ಹಾಗೆ ಅಂದುಕೊಂಡಿದ್ದರೆ ಅವರದ್ದೂ ತಪ್ಪಲ್ಲ.

ಗಂಗಾಧರನ ಶಿವಗಣಾರಾಧನೆ ಮುಗಿದ ಮೇಲೆ ಕಂಬಳಿಯನ್ನು ಒಗೆದು ಮಡಿಸಿಕೊಂಡು, ಚಿಕ್ಕಪ್ಪನ ಜೊತೆ ಹಟ್ಟಿಗೆ ಹೋದೆ. ಎಲ್ಲ ಗುಡಿಸಲುಗಳಿಂದಲೂ ಹೊಗೆ ಏಳುತ್ತಿತ್ತು. ಅಜ್ಜಿ ನನ್ನನ್ನು ಗುರುತು ಹಿಡಿದು ಕೂರಿಸಿ, ಬಿಸಿ ರೊಟ್ಟಿ ಹಾಕಿಕೊಟ್ಟಳು. ಕಂಬಳಿ ಮಾತ್ರ ಮುಟ್ಟಲಿಲ್ಲ. ಹೊದಿಸಿದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲವಂತೆ.

ಅವತ್ತು ಒಲೆ ಏಕೆ ಹಚ್ಚಿರಲಿಲ್ಲ ಎಂದು ಕೇಳಿದೆ. ಅವಳು ನಿಧಾನವಾಗಿ ಹೇಳಿದಳು. ಆ ಹಟ್ಟಿಯ ಎಲ್ಲ ಮನೆಗೂ ಬೆಂಕಿ ಅಜ್ಜಿಯ ಒಲೆಯಿಂದಲೇ ಹೋಗಬೇಕು. ರಾತ್ರಿ ಬೆರಣಿಯ ಕೆಂಡವನ್ನು ಬೂದಿಯಲ್ಲಿ ಮುಚ್ಚಿಟ್ಟು, ಬೆಳಗಿನ ಜಾವ ಕೆದಕಿ ಎಲ್ಲರೂ ಇಸಿದುಕೊಂಡು ಹೋಗುತ್ತಾರೆ. ಅವಳ ಅತ್ತೆಯ ಅತ್ತೆಯ ಕಾಲದಿಂದ ನಡೆದು ಬಂದದ್ದು. ಮುಚ್ಚುವುದನ್ನು ಮರೆತು ಆರಿದರೆ ಅದು ಮನುಷ್ಯರ ತಪ್ಪು, ಕಡ್ಡಿ ಗೀರಿ ಹಚ್ಚಿಕೊಳ್ಳಬಹುದು. ಸರಿಯಾಗಿ ಮುಚ್ಚಿಟ್ಟದ್ದು ತಾನಾಗಿ ಆರಿದರೆ ಹಚ್ಚುವಂತಿಲ್ಲ. ಆ ದಿನ ಈ ದಾರಿಯಲ್ಲಿ ಯಾರದ್ದೋ ಹೆಣ ಬಂದು ನಿಲ್ಲುತ್ತದೆ. ಅದು ಗಡಿ ದಾಟುವ ತನಕ ಯಾರೂ ಅಡುಗೆ ಮಾಡುವುದಿಲ್ಲ, ಕುರಿ ಬಿಡುವುದಿಲ್ಲ. ಗಾಡಿಗೆ ಹುಲ್ಲು ಹಾಸಿ ಕಾಯುತ್ತಾರೆ.

ಅವತ್ತು ಯಾವಾಗ ಆರಿತ್ತು ಎಂದು ಕೇಳಿದೆ. ಎಂದಿನಂತೆ ಕತ್ತಲಲ್ಲೇ ಎದ್ದು ಕೆದಕಿದಳಂತೆ. ಬೂದಿ ತಣ್ಣಗಿತ್ತಂತೆ. ನನಗೆ ಸ್ವಲ್ಪ ಸಿಟ್ಟೇ ಬಂತು. ಯಾಕೆಂದು ಗೊತ್ತಿಲ್ಲ. ಯಾರೂ ಬರದೇ ಹೋಗಿದ್ದರೆ, ಇಷ್ಟು ಮಕ್ಕಳು ಸುಮ್ಮನೆ ಹಸಿದು ಕೂತಂತೆ ಆಗುತ್ತಿರಲಿಲ್ಲವೇ ಎಂದೆ.

“ಯಾರೂ ಬರದಿದ್ರೆ ಒಳ್ಳೇದೇ ಅಲ್ಲೇನವ್ವ,” ಎಂದಳು ಅಜ್ಜಿ. “ಒಂದೊತ್ತು ಉಪಾಸ ಇದ್ರೆ ಏನಾತು. ಯಾರೂ ಬರಬಾರ್ದಪ್ಪ ಅಂತಲೇ ಕುಂತಿರ್ತೀವಿ.”

ಗಂಗಾಧರ ಹೋದ ಮೇಲೆ ನಾನು ಮೊದಲು ಅತ್ತದ್ದು ಅಲ್ಲಿ, ರೊಟ್ಟಿ ಕೈಯಲ್ಲಿ ಹಿಡಿದುಕೊಂಡು. ಅಜ್ಜಿ ಪಕ್ಕದಲ್ಲಿ ಕೂತು ಒಲೆಯ ಉರಿ ಸರಿಮಾಡುತ್ತಿದ್ದಳು.

ಬೂದಿಗೆ ತೇವ ತಾಗಿದರೆ, ಬೆರಣಿ ಹಸಿಯಾಗಿದ್ದರೆ ಕೆಂಡ ಆರುತ್ತದೆ. ವ್ಯಾನು ಎಲ್ಲಿ ಬೇಕಾದರೂ ಕೆಡುತ್ತದೆ. ಇದನ್ನೆಲ್ಲ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆರಿದ ಒಲೆಗೆ ನನ್ನ ತಮ್ಮ ಹೊರಡುವುದು ಹೇಗೆ ತಿಳಿಯಿತು ಎಂದು ಇವತ್ತಿಗೂ ಕೇಳಿಕೊಳ್ಳುತ್ತೇನೆ. ಅದಕ್ಕಿಂತ ಹೆಚ್ಚು ನನ್ನನ್ನು ಬಿಡದಿರುವುದು ಆ ಬೆಳಗಿನ ಜಾವ. ಅಲ್ಲಿ ಹಟ್ಟಿಗೆ ಹಟ್ಟಿಯೇ, ಮಕ್ಕಳ ಸಮೇತ, ಅವನಿಗಾಗಿ ಉಪವಾಸ ಕೂತ ಹೊತ್ತಿನಲ್ಲಿ, ಇತ್ತ ಆಸ್ಪತ್ರೆಯಲ್ಲಿ ಅವನು ದಿಂಬಿಗೆ ಒರಗಿಕೊಂಡು ಇನ್ನೊಂದು ಇಡ್ಲಿ ಕೇಳುತ್ತಿದ್ದ.