ತಿಪ್ಪಮ್ಮನ ಹೆಸರು ಬದಲಿಸಲು ಹೋದೆ

ಗೆಳೆಯರೇ, ತಿಪ್ಪೆಯ ಹೆಸರು ಹೆಣ್ಣಿಗೆ ಅವಮಾನ ಎಂದು ನಂಬಿದವನು ನಾನು. ಸಹಪಾಠಿ ತಿಪ್ಪಮ್ಮನ ಹೆಸರನ್ನು ಚೇತನಾ ಎಂದು ಬದಲಿಸುವ ಅರ್ಜಿ ಬರೆದುಕೊಂಡು ಇವತ್ತು ಜವನಗೊಂಡನಹಳ್ಳಿಯ ಅವಳ ಮನೆಗೆ ಹೋದೆ. ಅವಳ ತಾಯಿಯ ಮುಂದೆ ಭಾಷಣವನ್ನೂ ಮಾಡಿದೆ.

ಅವರು ಕುರಿಗಳಿಗೆ ಸೊಪ್ಪು ಹಾಕುತ್ತಲೇ ಹೇಳಿದರು: "ಇವಳಿಗಿಂತ ಮುಂಚೆ ಎರಡು ಕೂಸು ಉಳೀಲಿಲ್ಲಪ್ಪ. ಅದಕ್ಕೆ ಇವಳನ್ನ ಮೊರದಾಗಿಟ್ಟು ತಿಪ್ಪೆ ಮೇಲೆ ಮಲಗಿಸಿದ್ವಿ, ಬ್ಯಾಡಾದ ಕೂಸು ಅಂತ ಸಾವು ಬಿಟ್ಟು ಹೋಗ್ಲಿ ಅಂತ. ಪಕ್ಕದ್ಮನೆ ಅಕ್ಕ ಎತ್ಕಂಡು ಬಂದು, 'ತಿಪ್ಪೇಲಿ ಸಿಕ್ತು, ಸಾಕ್ಕಳವ್ವ' ಅಂತ ಕೊಟ್ಲು. ಉಳಕಂಡ್ಲು ನೋಡು."

"ಹೆಸರು ನಂದು, ನನ್ನ ಕೇಳಿದ್ಯೇನೋ? ಅರ್ಜಿ ಹರಿದಾಕು" ಎಂದಳು ತಿಪ್ಪಮ್ಮ. "ಚೇತನಾ ಅಂತ ನಿನ್ನೆ ಹುಟ್ಟಿದ ಕುರಿಮರಿಗೆ ಇಡು."

ಇಟ್ಟು ಬಂದೆ. ಕರೆದರೆ ಮಾತ್ರ ಅದೂ ತಿರುಗಿ ನೋಡಲಿಲ್ಲ.